ಕೋಟಾಚೆಕ್: ಲೆಕ್ಕಕ್ಕೆ ಸಾಕ್ಷಿಯಾರು?

ಬಹುಜನರು ಒಂದೇ ಡಿಸ್ಕನ್ನು ಹಂಚಿಕೊಂಡು ದುಡಿಯಬೇಕಾದೆಡೆಯಲ್ಲಿ ಪ್ರತಿಯೊಬ್ಬರ ಪಾಲಿಗೂ ಒಂದು ಮಿತಿಯನ್ನು ಗೊತ್ತುಪಡಿಸುವುದು ನ್ಯಾಯವೇ ಆದರೂ, ಆ ಮಿತಿಗೆ ಆಧಾರವಾದ ಲೆಕ್ಕವೇ ತಪ್ಪಿದಾಗ ನ್ಯಾಯವು ಅನ್ಯಾಯವಾಗಿ ಪರಿಣಮಿಸದೆ ಇರದು. ಇದನ್ನರಿತೇ, ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ರಚಿಸಿದ ಡಿಸ್ಕ್ ಕೋಟಾ ವ್ಯವಸ್ಥೆಯು 1983ರ 4.2 ಬಿಎಸ್‌ಡಿ ಯೂನಿಕ್ಸಿನೊಡನೆ ಹೊರಬಂದಾಗ, ಲೆಕ್ಕವನ್ನು ಪರೀಕ್ಷಿಸುವ ಕೋಟಾಚೆಕ್ ಎಂಬ ಆಜ್ಞೆಯೂ ಅದರ ಜೊತೆಯಲ್ಲಿಯೇ ಬಂದಿತು.

2001ರಲ್ಲಿ ಆರಂಭವಾದ ಆರ್‌ಎನ್‌ಎಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಗ್ಲೋಬಲ್ ಅಕಾಡೆಮಿ ಆಫ್ ಟೆಕ್ನಾಲಜಿ ಮೊದಲಾದ ಎಂಜಿನಿಯರಿಂಗ್ ಕಾಲೇಜುಗಳ ನೆಲೆಯಾದ ರಾಜರಾಜೇಶ್ವರಿನಗರದ ವಾಚಕರಿಗೆ ಇದು ದೂರದ ವಿಷಯವೆನಿಸಲಾರದು. ನೂರಾರು ವಿದ್ಯಾರ್ಥಿಗಳು ಒಂದೇ ಸರ್ವರಿನಲ್ಲಿ ತಮ್ಮ ಪ್ರೋಗ್ರಾಮುಗಳನ್ನು ಇಡುವ ಯಾವುದೇ ವಿದ್ಯಾಲಯದಲ್ಲಿ, ಮೃದು ಮಿತಿಯನ್ನು ಮೀರಿದವನಿಗೆ ಸಾಮಾನ್ಯವಾಗಿ ಏಳು ದಿನಗಳ ವಿನಾಯಿತಿಯೂ ಕಠಿಣ ಮಿತಿಯನ್ನು ಮುಟ್ಟಿದವನಿಗೆ ತತ್‌ಕ್ಷಣದ ನಿರಾಕರಣೆಯೂ ದೊರೆಯುವುದು. ಲೆಕ್ಕವು ಇರುವುದಕ್ಕಿಂತ ಹೆಚ್ಚನ್ನು ತೋರಿಸಿದರೆ ನಿರಪರಾಧಿಯಾದ ವಿದ್ಯಾರ್ಥಿಯು ಪರೀಕ್ಷೆಯ ಹೊತ್ತಿನಲ್ಲಿ ತನ್ನ ಫೈಲನ್ನು ಉಳಿಸಲಾರನು. ಕಡಿಮೆಯನ್ನು ತೋರಿಸಿದರೆ ಒಬ್ಬನ ಲೋಭಕ್ಕೆ ಉಳಿದವರ ಸ್ಥಳವು ಬಲಿಯಾಗುವುದು.

ಲೆಕ್ಕ ತಪ್ಪುವುದಾದರೂ ಹೇಗೆ? ವಿದ್ಯುತ್ತು ಹಠಾತ್ತನೆ ನಿಂತುಹೋದಾಗ ಫೈಲು ಡಿಸ್ಕನ್ನು ಸೇರಿದ್ದರೂ ಅದರ ಬಾಬತ್ತು ಕೋಟಾ ಕಡತವನ್ನು ಸೇರದೆ ಉಳಿಯಬಹುದು. ಕೋಟಾವನ್ನು ತಾತ್ಕಾಲಿಕವಾಗಿ ನಿಲ್ಲಿಸಿದ ಅವಧಿಯಲ್ಲಿ ನಡೆದ ಬರವಣಿಗೆಯಾವುದೂ ಲೆಕ್ಕಕ್ಕೆ ಬಾರದು. ಆಗ ಕೋಟಾಚೆಕ್, ದಾಸ್ತಾನು ಪುಸ್ತಕವನ್ನು ಬದಿಗಿಟ್ಟು ಮೂಟೆಗಳನ್ನೇ ಎಣಿಸುವ ನ್ಯಾಯಬೆಲೆ ಅಂಗಡಿಯ ತನಿಖಾಧಿಕಾರಿಯಂತೆ, ಇರುವ ಫೈಲುಗಳನ್ನೆಲ್ಲ ಶೋಧಿಸಿ, ಒಡೆಯರಿಗನುಸಾರವಾಗಿ ಬ್ಲಾಕುಗಳನ್ನೂ ಒಂದೊಂದು ಫೈಲಿನ ವಿವರವನ್ನಿಡುವ ಐನೋಡುಗಳನ್ನೂ ಕೂಡಿಸಿ, ಹಲವು ಹೆಸರುಗಳುಳ್ಳ ಒಂದೇ ಫೈಲನ್ನು ಒಮ್ಮೆ ಮಾತ್ರ ಗಣಿಸಿ, ಬಂದ ಮೊತ್ತವನ್ನು ಹಳೆಯ ಲೆಕ್ಕದೊಡನೆ ಹೋಲಿಸಿ ತಿದ್ದುವುದು. ಬರೆದಿಟ್ಟ ಲೆಕ್ಕಕ್ಕಿಂತ ಕಣ್ಣೆದುರಿನ ವಸ್ತುವೇ ಪ್ರಮಾಣವೆಂಬ ಈ ನಿಲುವಿನಲ್ಲಿ ಅದರ ಶ್ರೇಷ್ಠತೆಯಿರುವುದು.

ಆದರೆ ಇದರ ದೋಷಗಳೂ ಅಲ್ಪವಲ್ಲ. ಎಣಿಕೆ ಮುಗಿಯುವವರೆಗೆ ಎಣಿಸಲ್ಪಡುವ ವಸ್ತುವು ನಿಶ್ಚಲವಾಗಿರಬೇಕಾದುದರಿಂದ, ಬರವಣಿಗೆಯನ್ನು ನಿಲ್ಲಿಸಿ ಓದಲಷ್ಟೇ ಅವಕಾಶವಿತ್ತ ಸ್ಥಿತಿಯಲ್ಲಿ ಇದನ್ನು ನಡೆಸತಕ್ಕದ್ದು. ಈ ನಿಯಮವನ್ನು ಉಲ್ಲಂಘಿಸಿ ಜೀವಂತ ವ್ಯವಸ್ಥೆಯ ಮೇಲೆ ನಡೆಸಿದ ಪರೀಕ್ಷೆಯು, ಶೋಧಕನು ದಾಟಿಹೋದ ತಾಣದಲ್ಲಿ ಹುಟ್ಟಿದ ಫೈಲನ್ನು ಕಾಣದೆ, ಹಳೆಯ ತಪ್ಪನ್ನು ತಿದ್ದುವ ಭರದಲ್ಲಿ ಹೊಸ ತಪ್ಪನ್ನು ಪ್ರತಿಷ್ಠಾಪಿಸಬಹುದು. ಫೈಲುಗಳು ಬೆಳೆದಂತೆ ಪರೀಕ್ಷೆಯ ಕಾಲವೂ ಬೆಳೆಯುವುದು. ಇವೆಲ್ಲಕ್ಕಿಂತ ಗುರುತರವಾದ ದೋಷವೆಂದರೆ, ಅದು ಲೆಕ್ಕವನ್ನು ತಿದ್ದುವುದೇ ಹೊರತು ಲೆಕ್ಕ ಕೆಟ್ಟ ಕಾರಣವನ್ನು ಹೇಳಲಾರದು.

ಈ ಕೊರತೆಗಳಿಗೆ ಮುಂದಿನ ತಲೆಮಾರು ಕಂಡುಕೊಂಡ ಉತ್ತರವು, ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲಿನದು. ಎಕ್ಸ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯು ಕೋಟಾವನ್ನು ತನ್ನ ಆಂತರಿಕ ದತ್ತಾಂಶವೆಂದೇ ಎಣಿಸಿ, ಫೈಲಿನ ಬದಲಾವಣೆಯನ್ನೂ ಲೆಕ್ಕದ ಬದಲಾವಣೆಯನ್ನೂ ಒಂದೇ ದಾಖಲೆಯಲ್ಲಿ ಬರೆದಿಡುವುದು. ಅಲ್ಲಿ ಪ್ರತ್ಯೇಕವಾದ ಕೋಟಾಚೆಕ್ ಆಜ್ಞೆಗೆ ಕೆಲಸವಿಲ್ಲ, ಮರುಗಣನೆ ಬೇಕಾದರೆ ಫೈಲ್ ವ್ಯವಸ್ಥೆಯನ್ನು ಬಳಕೆಗೆ ಜೋಡಿಸುವಾಗ, ಎಂದರೆ ಮೌಂಟ್ ಮಾಡುವಾಗ, ತಾನಾಗಿಯೇ ನಡೆಯುವುದು. ಲಿನಕ್ಸಿನ ಎಕ್ಸ್ಟ್4 ವ್ಯವಸ್ಥೆಯಲ್ಲಿಯೂ ಕೋಟಾ ಕಡತಗಳನ್ನು ಜನಸಾಮಾನ್ಯರ ಕಣ್ಣಿಗೆ ಬೀಳದ ಐನೋಡುಗಳಲ್ಲಿ ಅಡಗಿಸಿ, ಅವುಗಳ ಪರಿಶೀಲನೆಯನ್ನು ಫೈಲ್ ವ್ಯವಸ್ಥೆಯ ಸಾಮಾನ್ಯ ಪರೀಕ್ಷೆಗೇ ವಹಿಸುವ ಸೌಕರ್ಯವುಂಟು. ತಪ್ಪಾದ ಬಳಿಕ ತಿದ್ದುವುದಕ್ಕಿಂತ ತಪ್ಪಾಗದಂತೆ ಬರೆಯುವುದೇ ಉತ್ತಮವೆಂಬುದು ನಿರ್ವಿವಾದ.

ಹಾಗೆಂದು ಮರುಗಣನೆಯನ್ನೇ ನಿರರ್ಥಕವೆನ್ನಲಾಗದು. ಜರ್ನಲು ವಿದ್ಯುತ್ತಿನ ವೈಫಲ್ಯದಿಂದ ರಕ್ಷಿಸಬಲ್ಲುದಾದರೂ, ಕೋಟಾ ಬರೆಯುವ ತಂತ್ರಾಂಶದಲ್ಲಿಯೇ ದೋಷವಿದ್ದರೆ ಆ ದೋಷವನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸುವುದು. ಆಗ ಸ್ವತಂತ್ರವಾದ ಎಣಿಕೆಯೊಂದೇ ಗತಿ. ಆದುದರಿಂದ ನಿತ್ಯದ ಲೆಕ್ಕಕ್ಕೆ ಜರ್ನಲನ್ನೂ ಅದರ ತನಿಖೆಗೆ ಮರುಗಣನೆಯನ್ನೂ ನಿಯಮಿಸಿಕೊಳ್ಳುವುದೇ ವಿವೇಕದ ಮಾರ್ಗ. ಹಳೆಯ ಪದ್ಧತಿಯನ್ನು ಇನ್ನೂ ನೆಚ್ಚಿರುವ ವಿದ್ಯಾಲಯಗಳ ಗಣಕ ನಿರ್ವಾಹಕರು ಈ ಪರೀಕ್ಷೆಯನ್ನು ಸೆಮಿಸ್ಟರಿನ ಕೊನೆಯ ದಿನಗಳಿಗೆ ತಳ್ಳದೆ ರಜೆಯಲ್ಲಿ, ವಿದ್ಯಾರ್ಥಿಗಳಿಗೆ ಮುನ್ಸೂಚನೆಯಿತ್ತು, ಬರವಣಿಗೆಯನ್ನು ನಿಲ್ಲಿಸಿ ನಡೆಸತಕ್ಕದ್ದು; ಮೊತ್ತಗಳಲ್ಲಿ ಅಂತರ ಕಂಡರೆ ತಿದ್ದುವ ಮುನ್ನ ಹಳೆಯ ಕಡತದ ಪ್ರತಿಯನ್ನು ಕಾದಿರಿಸಿ ಕಾರಣವನ್ನೂ ಅರಸತಕ್ಕದ್ದು.