ಇಬ್ಬರು ನಾಯಕರು, ಒಂದೇ ಪುಟ

ಮ್ಯಾಂಡ್ರೇಕ್ ಫ್ಯಾಂಟಮನ ಮದುವೆಗೆ ಹೋಗಿದ್ದ. 1977ರಲ್ಲಿ ಫ್ಯಾಂಟಮನಿಗೂ ಡಯಾನಾಳಿಗೂ ಅಂತೂ ಇಂತೂ ಕಂಕಣ ಕೂಡಿಬಂದಾಗ ಆ ಜಾದೂಗಾರ ತನ್ನ ಸಂಗಾತಿ ಲೋಥಾರನನ್ನೂ ಕರೆದುಕೊಂಡು ಹಾಜರಾದ. ಇಬ್ಬರನ್ನೂ ಸೃಷ್ಟಿಸಿದವನು ಲೀ ಫಾಕ್ ಒಬ್ಬನೇ ಆದ್ದರಿಂದ ಕರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂದ್ರಜಾಲ ಕಾಮಿಕ್ಸನ್ನು ಕನ್ನಡದಲ್ಲಿ ಓದಿದವರಿಗೆ ಇಬ್ಬರೂ ಗೊತ್ತು, ಆದರೆ ಬೇರೆ ಬೇರೆ ಸಂಚಿಕೆಗಳಲ್ಲಿ. ಅಂಥವರು ಒಂದೇ ಚಿತ್ರದಲ್ಲಿ ಎದುರುಬದುರಾದಾಗ ಒಂದು ಸಣ್ಣ ಪುಳಕವಾಗುತ್ತದಲ್ಲ, ಅದನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದ ಕಾಮಿಕ್ಸ್ ಉದ್ಯಮ ಒಂದು ಪ್ರಕಾರವನ್ನೇ ಬೆಳೆಸಿತು. ಅದರ ಹೆಸರು ಟೀಮ್‌-ಅಪ್.

ತಂಡದ ಕತೆ ಬೇರೆ, ಟೀಮ್‌-ಅಪ್ ಬೇರೆ. ಜಸ್ಟಿಸ್ ಲೀಗ್, ಅವೆಂಜರ್ಸ್ ಇವೆಲ್ಲ ತಂಡಗಳು. ಅಲ್ಲಿ ಸದಸ್ಯತ್ವವಿದೆ, ಸಭೆಯಿದೆ, ಒಳಜಗಳವಿದೆ. 1940ರಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ 3ನೇ ಸಂಚಿಕೆಯಲ್ಲಿ ಜಸ್ಟಿಸ್ ಸೊಸೈಟಿ ಎಂಬ ಮೊದಲ ತಂಡ ಕಾಣಿಸಿಕೊಂಡಾಗ, ಪಾಪ, ಅವರು ಒಟ್ಟಿಗೆ ಹೋರಾಡಲೂ ಇಲ್ಲ. ಮೇಜಿನ ಸುತ್ತ ಕುಳಿತು ಸರದಿಯ ಮೇಲೆ ತಂತಮ್ಮ ಸಾಹಸ ಹೇಳಿಕೊಂಡರು, ಅಷ್ಟೆ. ಟೀಮ್‌-ಅಪ್‌ನಲ್ಲಿ ಇರುವುದು ಇಬ್ಬರೇ. ಆಕಸ್ಮಿಕವಾಗಿ ಸಿಗುತ್ತಾರೆ, ಒಂದು ಕೆಲಸ ಮುಗಿಸುತ್ತಾರೆ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಹೊಸ ಓದುಗರಿಗೆ ನಾನು ಹೇಳುವುದು ಈ ಎರಡನೆಯದರಿಂದ ಶುರು ಮಾಡಿ ಎಂದೇ. ತಂಡದ ಕತೆಗೆ ಹಿಂದುಮುಂದು ಗೊತ್ತಿರಬೇಕು. ಇದಕ್ಕೆ ಒಂದೇ ಸಂಚಿಕೆ ಸಾಕು.

ಈ ಪ್ರಕಾರದ ಮೊದಲ ದೊಡ್ಡ ಮುಖಾಮುಖಿ ನಡೆದದ್ದೂ 1940ರಲ್ಲೇ, ‘ಮಾರ್ವೆಲ್ ಮಿಸ್ಟರಿ ಕಾಮಿಕ್ಸ್’ನಲ್ಲಿ. ಕಾರ್ಲ್ ಬರ್ಗೋಸ್ ಸೃಷ್ಟಿಸಿದ ಹ್ಯೂಮನ್ ಟಾರ್ಚ್ ಬೆಂಕಿಯವನು, ಬಿಲ್ ಎವರೆಟ್‌ನ ಸಬ್‌-ಮ್ಯಾರಿನರ್ ಕಡಲಿನವನು. ನ್ಯೂಯಾರ್ಕನ್ನೇ ಕಣ ಮಾಡಿಕೊಂಡು ಕಾದಾಡಿದ ಅವರಲ್ಲಿ ಯಾರೂ ಸೋಲಲಿಲ್ಲ. ಮುಂದಿನ ಸಂಚಿಕೆಯ ಒಂದೇ ಪುಟದಲ್ಲಿ ಬೆಟ್ಟಿ ಡೀನ್ ಎಂಬ ಮಹಿಳಾ ಪೊಲೀಸ್ ನಡುವೆ ಬಂದು ರಾಜಿ ಮಾಡಿಸಿದಳು. ಇದೆಂಥ ಮೋಸ ಎನ್ನುವವರು ಯಕ್ಷಗಾನದ ‘ಕೃಷ್ಣಾರ್ಜುನ ಕಾಳಗ’ವನ್ನು ನೆನೆಯಬೇಕು. ಗಂಧರ್ವ ಗಯನ ನೆಪದಲ್ಲಿ ಭಾವ-ಮೈದುನರು ಎದುರಾದಾಗ ಇಬ್ಬರಲ್ಲೊಬ್ಬ ಬೀಳಲಿ ಎಂದು ಯಾರೂ ಕಾದು ಕೂರುವುದಿಲ್ಲ. ಬೀಳುವುದಿಲ್ಲ ಎಂಬುದು ಗೊತ್ತಿದ್ದೇ ರಾತ್ರಿಯಿಡೀ ಕೂರುತ್ತಾರೆ. ಗೆಲ್ಲುವುದು ಯಾರು ಎಂಬ ಪ್ರಶ್ನೆಯೇ ಇಲ್ಲದ ಕಡೆ ರಸವೆಲ್ಲ ಅವರ ಮಾತಿಗೆ ಬಂದು ನಿಲ್ಲುತ್ತದೆ. ಟೀಮ್‌-ಅಪ್ ಓದುವುದಕ್ಕೆ ಬೇಕಾದ ದೃಷ್ಟಿಯೂ ಇಷ್ಟೇ: ಹೊಡೆದಾಟದ ಪುಟಗಳನ್ನು ಬೇಗ ದಾಟಿ, ಇಬ್ಬರೂ ಸುಮ್ಮನೆ ಮಾತಾಡುವ ಪುಟದಲ್ಲಿ ನಿಧಾನಿಸಿ.

ವ್ಯಾಪಾರದ ಲೆಕ್ಕವಿಲ್ಲದೆ ಇವು ಹುಟ್ಟಿದವು ಎಂದು ಭ್ರಮಿಸಬೇಕಾಗಿಲ್ಲ. ‘ವರ್ಲ್ಡ್ಸ್ ಫೈನೆಸ್ಟ್’ ಪತ್ರಿಕೆಯ ಮುಖಪುಟದಲ್ಲಿ 1941ರಿಂದಲೇ ಸೂಪರ್‌ಮ್ಯಾನ್, ಬ್ಯಾಟ್‌ಮನ್ ಹೆಗಲಿಗೆ ಹೆಗಲು ಕೊಟ್ಟು ನಗುತ್ತಿದ್ದರು. ಒಳಗೆ ಇಬ್ಬರಿಗೂ ಬೇರೆ ಬೇರೆ ಕತೆ. 1954ರಲ್ಲಿ ಪುಟಗಳಿಗೆ ಕತ್ತರಿ ಬಿದ್ದು ಎರಡು ದೊಡ್ಡ ಕತೆಗಳಿಗೆ ಜಾಗ ಸಾಲದಾದಾಗ, 71ನೇ ಸಂಚಿಕೆಯಿಂದ ಇಬ್ಬರನ್ನೂ ಒಂದೇ ಕತೆಗೆ ಸೇರಿಸಿದರು. ಆ ಜೋಡಿಯ ದೀರ್ಘ ಸ್ನೇಹಕ್ಕೆ ಬುನಾದಿ ಕಾಗದದ ಉಳಿತಾಯ! ಅದಕ್ಕೆ ಎರಡು ವರ್ಷ ಮೊದಲು, ‘ಸೂಪರ್‌ಮ್ಯಾನ್’ನ 76ನೇ ಸಂಚಿಕೆಯಲ್ಲಿ, ಸಾಮಾನ್ಯರ ವೇಷದಲ್ಲಿದ್ದ ಇಬ್ಬರಿಗೂ, ಅಂದರೆ ಕ್ಲಾರ್ಕ್ ಕೆಂಟ್ ಮತ್ತು ಬ್ರೂಸ್ ವೇಯ್ನ್‌ಗೆ, ಹಡಗಿನಲ್ಲಿ ಒಂದೇ ಕೋಣೆ ಸಿಕ್ಕಿ, ಕತ್ತಲಲ್ಲಿ ಬಟ್ಟೆ ಬದಲಿಸುವಾಗ ಗುಟ್ಟು ರಟ್ಟಾಗಿತ್ತು. ಇಂಥ ಕಾಕತಾಳೀಯಗಳನ್ನು ಈ ಪ್ರಕಾರದಲ್ಲಿ ಪ್ರಶ್ನಿಸಬಾರದು.

ಹೆಸರು ಮಾಡಿದವನ ಬೆನ್ನ ಮೇಲೆ ಹೆಸರಿಲ್ಲದವನನ್ನು ಕೂರಿಸುವುದು ಇನ್ನೊಂದು ಲೆಕ್ಕ. ಎಪ್ಪತ್ತರ ದಶಕ ಇದರ ಸುಗ್ಗಿ. 1972ರಲ್ಲಿ ಶುರುವಾದ ‘ಮಾರ್ವೆಲ್ ಟೀಮ್‌-ಅಪ್’ನಲ್ಲಿ ಸ್ಪೈಡರ್‌-ಮ್ಯಾನ್ ಬಹುಮಟ್ಟಿಗೆ ಕಾಯಂ ಆತಿಥೇಯ. 150 ಸಂಚಿಕೆ ನಡೆಯಿತು. 1974ರ ‘ಮಾರ್ವೆಲ್ ಟು-ಇನ್‌-ವನ್’ನಲ್ಲಿ ಕಲ್ಲುಮೈಯ ಥಿಂಗ್, 100 ಸಂಚಿಕೆ. 1978ರ ‘ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್’ನಲ್ಲಿ ಸೂಪರ್‌ಮ್ಯಾನ್. ತಿಂಗಳು ತಿಂಗಳೂ ಹೊಸ ಅತಿಥಿ ಬರಲೇಬೇಕು ಎಂದಮೇಲೆ ಜೊಳ್ಳೂ ಸಾಕಷ್ಟು ಬರುತ್ತದೆ. ಕಟ್ಟಡದ ಮೇಲೆ ಜಿಗಿಯುತ್ತಿದ್ದ ಸ್ಪೈಡರ್‌-ಮ್ಯಾನ್‌ಗೆ ಯಾರೋ ಡಿಕ್ಕಿ ಹೊಡೆಯುತ್ತಾರೆ, ತಪ್ಪು ತಿಳಿದು ಜಗಳ, ಆಮೇಲೆ ಸ್ನೇಹ, ಕೊನೆಗೆ ಖಳನ ಸೆರೆ. ಇಪ್ಪತ್ತೂ ಮುಟ್ಟದ ಪುಟಗಳಲ್ಲಿ ಇಷ್ಟನ್ನು ತುರುಕುವಾಗ ಬೇಸರ ಬಂದರೆ ಅದು ಓದುಗರ ತಪ್ಪಲ್ಲ.

ಆದರೆ ಅದೇ ರಾಶಿಯಲ್ಲಿ ‘ಟು-ಇನ್‌-ವನ್’ನ 86ನೇ ಸಂಚಿಕೆಯೂ ಇದೆ. 1982ರದು. ಬರೆದವನು ಟಾಮ್ ಡಿಫಾಲ್ಕೊ, ಚಿತ್ರ ರಾನ್ ವಿಲ್ಸನ್‌ನದು. ಸ್ಯಾಂಡ್‌ಮ್ಯಾನ್ ಎಂಬ ಹಳೇ ಖಳ ಒಂದು ಬಾರಿನಲ್ಲಿದ್ದಾನೆಂದು ತಿಳಿದು ಥಿಂಗ್ ಅಲ್ಲಿಗೆ ಹೋಗುತ್ತಾನೆ. ಇನ್ನೇನು ಬಾರು ನುಚ್ಚುನೂರು ಎಂದುಕೊಳ್ಳುವಷ್ಟರಲ್ಲಿ ಇಬ್ಬರೂ ಬಿಯರ್ ತರಿಸಿಕೊಂಡು ಕೂರುತ್ತಾರೆ. ಸ್ಯಾಂಡ್‌ಮ್ಯಾನ್ ತನ್ನ ಬದುಕಿನ ಕತೆ ಹೇಳುತ್ತಾನೆ, ದಣಿದಿದ್ದಾನೆ. ಥಿಂಗ್ ಕೇಳುತ್ತಾನೆ, ಅವನನ್ನು ಬಿಟ್ಟುಕಳಿಸುತ್ತಾನೆ. ನ್ಯೂಯಾರ್ಕಿನ ಬಡ ಬೀದಿಯಲ್ಲಿ ಬೆಳೆದ ಥಿಂಗ್‌ಗೆ ಎದುರಿಗಿರುವವನ ಭಾಷೆ ಅರ್ಥವಾಗುತ್ತದೆ. ಇದೇ ಕುರ್ಚಿಯಲ್ಲಿ ಬೇರೊಬ್ಬ ನಾಯಕ ಕೂತಿದ್ದರೆ ಈ ಮಾತು ಹೊರಡುತ್ತಿರಲಿಲ್ಲ. ಒಳ್ಳೆಯ ಟೀಮ್‌-ಅಪ್ಪನ್ನು ಪರೀಕ್ಷಿಸುವ ಬಗೆಯೇ ಇದು: ಇಬ್ಬರಲ್ಲೊಬ್ಬನ ಜಾಗದಲ್ಲಿ ಬೇರೊಬ್ಬನನ್ನು ತಂದು ಕೂರಿಸಿ ನೋಡಿ. ಕತೆ ಹಾಗೇ ನಡೆದುಹೋದರೆ ಅದು ಬರೀ ಮುಖಪುಟದ ಜೋಡಿ.

ನನಗೆ ಅಚ್ಚುಮೆಚ್ಚಿನದು ‘ದಿ ಬ್ರೇವ್ ಆ್ಯಂಡ್ ದಿ ಬೋಲ್ಡ್’. 1960ರಲ್ಲಿ ಜಸ್ಟಿಸ್ ಲೀಗ್ ಮೊದಲು ಕಾಣಿಸಿದ್ದು ಇದೇ ಪತ್ರಿಕೆಯಲ್ಲಿ. 1963ರ 50ನೇ ಸಂಚಿಕೆಯಿಂದ ಜೋಡಿ ಕತೆಗಳು ಬಂದವು, ಅರವತ್ತರ ದಶಕದ ಕೊನೆಯ ಹೊತ್ತಿಗೆ ಬ್ಯಾಟ್‌ಮನ್ ಅಲ್ಲಿಯ ಕಾಯಂ ನಾಯಕನಾಗಿದ್ದ. ಬರೆಯುತ್ತಿದ್ದ ಬಾಬ್ ಹೇನಿ ಬೇರೆ ಪತ್ರಿಕೆಗಳಲ್ಲಿ ಏನು ನಡೆದಿದೆ ಎಂದು ತಲೆಕೆಡಿಸಿಕೊಂಡವನಲ್ಲ. ಎರಡನೇ ಮಹಾಯುದ್ಧದ ಸಾರ್ಜೆಂಟ್ ರಾಕ್ ಎಪ್ಪತ್ತರ ದಶಕದ ಬ್ಯಾಟ್‌ಮನ್ ಜೊತೆ ಆರಾಮಾಗಿ ಓಡಾಡುತ್ತಾನೆ. ಸುಸಂಗತಿ ಬೇಕೆನ್ನುವ ಓದುಗರು ಗೊಣಗಿದರು. ನನಗೋ ಆ ಉಡಾಫೆಯೇ ಹಿತ. ಚಿತ್ರಕಾರ ಜಿಮ್ ಅಪಾರೊ ಪೆನ್ಸಿಲು, ಶಾಯಿ, ಮಾತಿನ ಗುಳ್ಳೆಯೊಳಗಿನ ಅಕ್ಷರ ಮೂರನ್ನೂ ತಾನೇ ಬರೆಯುತ್ತಿದ್ದ. ಹಾಗಾಗಿ ಪುಟವೆಲ್ಲ ಒಂದೇ ಕೈಬರಹದಂತೆ ಕಾಣುತ್ತದೆ. 1976ರ 124ನೇ ಸಂಚಿಕೆಯಲ್ಲಂತೂ ಖಳರು ಅಪಾರೊನನ್ನೇ ಬೆನ್ನಟ್ಟಿ, ಬ್ಯಾಟ್‌ಮನ್ ಸಾಯುವಂತೆ ಚಿತ್ರ ಬರೆ ಎಂದು ಪೀಡಿಸುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ನನಗೆ ತೋಚುವುದಿಲ್ಲ.

ಅದೇ ವರ್ಷ ಡಿಸಿ ಮತ್ತು ಮಾರ್ವೆಲ್ ಎಂಬ ಎರಡು ಪ್ರತಿಸ್ಪರ್ಧಿ ಕಂಪನಿಗಳು ಕೈ ಜೋಡಿಸಿ ದೊಡ್ಡ ಆಕಾರದ ‘ಸೂಪರ್‌ಮ್ಯಾನ್ ವರ್ಸಸ್ ದಿ ಅಮೇಜಿಂಗ್ ಸ್ಪೈಡರ್‌-ಮ್ಯಾನ್’ ತಂದವು. ಬರೆದವನು ಗೆರ್ರಿ ಕಾನ್ವೆ, ಚಿತ್ರ ರಾಸ್ ಆಂಡ್ರೂನದು. ಬೆಟ್ಟ ಎತ್ತುವವನ ಎದುರು ಜೇಡನ ಹುಡುಗ ನಿಲ್ಲುವುದಾದರೂ ಹೇಗೆ? ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ ಸ್ಪೈಡರ್‌-ಮ್ಯಾನ್ ಮೇಲೆ ಕೆಂಪು ಸೂರ್ಯನ ಕಿರಣ ಹಾಯಿಸಿ ಕೊಂಚ ಹೊತ್ತು ಅವನ ಏಟಿಗೆ ಬಲ ತುಂಬುತ್ತಾನೆ. ಅದು ಇಳಿದ ಮೇಲೂ ಹುಡುಗ ಗುದ್ದುತ್ತಲೇ ಇರುತ್ತಾನೆ, ನೋಯುವುದು ಅವನದೇ ಕೈ. ಸೂಪರ್‌ಮ್ಯಾನ್ ಸುಮ್ಮನೆ ನಿಂತಿರುತ್ತಾನೆ. ಇಬ್ಬರ ಸ್ವಭಾವವೂ ಆ ಒಂದೇ ಪುಟದಲ್ಲಿ ಸಿಗುತ್ತದೆ.

ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಎದುರಾಗುವ ‘ಜೆಎಲ್‌ಎ/ಅವೆಂಜರ್ಸ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಎಂಬತ್ತರ ದಶಕದಲ್ಲಿ ಕಂಪನಿಗಳ ಕಿತ್ತಾಟದಲ್ಲಿ ನಿಂತುಹೋದಾಗ ಜಾರ್ಜ್ ಪೆರೆಸ್ ಆಗಲೇ 21 ಪುಟ ಚಿತ್ರ ಬರೆದಿದ್ದ. 2003ರಲ್ಲಿ ಕುರ್ಟ್ ಬ್ಯುಸಿಕ್‌ನ ಹೊಸ ಕತೆಗೆ ಮತ್ತೆ ಅವನೇ ಕುಳಿತು ಚಿತ್ರ ಬರೆದ. ಹೆಸರಿಗೆ ಇದು ತಂಡಗಳ ಮಹಾಯುದ್ಧ, ಮೂರನೇ ಸಂಚಿಕೆಯ ಮುಖಪುಟದಲ್ಲಿ ಸೂಜಿ ಊರಲೂ ಜಾಗವಿಲ್ಲ. ನೀವು ಹುಡುಕಬೇಕಾದದ್ದು ಮಾತ್ರ ಎರಡನೆಯದರಲ್ಲಿ: ಸುತ್ತ ಎಲ್ಲರೂ ಬಡಿದಾಡುತ್ತಿರುವಾಗ ಬ್ಯಾಟ್‌ಮನ್ ಮತ್ತು ಕ್ಯಾಪ್ಟನ್ ಅಮೆರಿಕ ಎರಡು ಪೆಟ್ಟು ಕೊಟ್ಟು ತೆಗೆದುಕೊಂಡು, ಒಬ್ಬರನ್ನೊಬ್ಬರು ಅಳೆದು, ಇದು ಮುಗಿಯುವ ಜಗಳವಲ್ಲ ಎಂದು ಒಪ್ಪಿಕೊಂಡು, ನಿಜಕ್ಕೂ ಏನು ನಡೆಯುತ್ತಿದೆ ಎಂದು ಪತ್ತೆಹಚ್ಚಲು ಜೊತೆಯಾಗಿ ಹೊರಡುತ್ತಾರೆ.