ನೇತುಹಾಕೋಕೆ ಮುಂಚಿನ ಕತೆ

ಊಟದ ಬಗ್ಗೆ ಬರೆಯೋರಿಗೆಲ್ಲ ಬ್ರಿಯಾ-ಸವಾರಿನ್ ಒಂಥರಾ ಮೂಲಪುರುಷ. ಫ್ರಾನ್ಸಿನ ಈ ನ್ಯಾಯಾಧೀಶ 1825ರಲ್ಲಿ ಪ್ರಕಟಿಸಿದ 'ಫಿಸಿಯಾಲಜಿ ಆಫ್ ಟೇಸ್ಟ್' ಪುಸ್ತಕದಲ್ಲಿ ಫೆಸೆಂಟ್ ಹಕ್ಕಿಗೇ ಅಂತ ಒಂದು ಭಾಗವಿದೆ. ಅವನ ವಾದ ಸರಳ: ಸತ್ತ ಮೂರು ದಿನದೊಳಗೆ ತಿಂದರೆ ಫೆಸೆಂಟಿನಲ್ಲಿ ವಿಶೇಷವೇನೂ ಇಲ್ಲ, ಪುಕ್ಕ ಕೀಳದೆ ಹಾಗೇ ಇಟ್ಟು, ಕೊಳೆಯೋಕೆ ಶುರುವಾಗೋ ಹೊತ್ತಿಗೆ ಬೇಯಿಸಿದರೇ ನಿಜವಾದ ರುಚಿ.

ಬರವಣಿಗೆ ಸೊಗಸಾಗಿದೆ, ಒಪ್ಪೋಣ. ಆದರೆ ಓದಿದವರ ತಲೆಯಲ್ಲಿ ಉಳಿಯೋದು ದಿನಗಳ ಲೆಕ್ಕ ಮಾತ್ರ. ಎಷ್ಟು ದಿನ ನೇತುಹಾಕಬೇಕು? ಮೂರಾ, ಏಳಾ? ಆಮೇಲೆ ಬಂದ ಅಡುಗೆ ಪುಸ್ತಕಗಳೂ ಇದೇ ಜಗಳ ಆಡ್ತಾ ಬಂದಿವೆ. ಅಲ್ಲಾ ಸ್ವಾಮಿ, ಹಕ್ಕಿ ಹೇಗೆ ಸತ್ತಿತು ಅಂತ ಕೇಳೋದು ಬೇಡವಾ?

ಬ್ರಿಟನ್ನಿನ ಫೆಸೆಂಟ್ ಬೇಟೆಯನ್ನೇ ನೋಡಿ. ಒಂದು ತೋಟಾದಲ್ಲಿ ಸುಮಾರು 30 ಗ್ರಾಂ ಚರೆ, ಅಂದರೆ ಇನ್ನೂರಕ್ಕೂ ಹೆಚ್ಚು ಪುಟ್ಟ ಕಾಳುಗಳು. ಕೋವಿಯಿಂದ ಹೊರಟ ಮೇಲೆ ಇವು ಹರಡಿಕೊಳ್ತಾ ಹೋಗುತ್ತವೆ. ತಲೆಗೋ ಕತ್ತಿಗೋ ಬಿದ್ದರೆ ಹಕ್ಕಿ ತಕ್ಷಣ ಸಾಯುತ್ತೆ, ಎದೆಯ ಮಾಂಸ ಹಾಗೇ ಉಳಿಯುತ್ತೆ. ತೀರಾ ಹತ್ತಿರದಿಂದ ಹೊಡೆದರೆ ಎದೆ ಜಜ್ಜಿಹೋಗಿ ರಕ್ತ ಹೆಪ್ಪುಗಟ್ಟುತ್ತೆ. ಕಾಳಿನ ಜೊತೆ ಪುಕ್ಕವೂ ಮಾಂಸದೊಳಗೆ ನುಗ್ಗುತ್ತೆ. ಹೊಟ್ಟೆಗೆ ಬಿದ್ದರೆ ಕರುಳು ಒಡೆದು ಒಳಗಿನ ಗಲೀಜೆಲ್ಲ ಮಾಂಸಕ್ಕೆ ತಾಗುತ್ತೆ. ಅಂಥ ಹಕ್ಕಿಯನ್ನು ವಾರ ನೇತುಹಾಕಿದರೆ ಅದು ಹದವಾಗೋದಿಲ್ಲ, ಕೊಳೆಯುತ್ತೆ ಅಷ್ಟೆ.

ಆಮೇಲೆ ನಾಯಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ನಿಮಗೆ ಬಾಲ ಅಲ್ಲಾಡಿಸೋ ಗೋಲ್ಡನ್ ರಿಟ್ರೀವರ್ 19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡಿದ್ದೇ ಬಿದ್ದ ಹಕ್ಕಿ ಹುಡುಕಿ ತರೋಕೆ. ಕೆಲಸ ಹೆಸರಲ್ಲೇ ಇದೆ. ಮೊಟ್ಟೆ ಹಿಡಿದಷ್ಟು ಮೆತ್ತಗೆ ಬಾಯಲ್ಲಿ ಹಿಡಿದು ತಂದರೆ ಸರಿ. ಗಟ್ಟಿಯಾಗಿ ಕಚ್ಚಿದರೆ ಪಕ್ಕೆಲುಬು ಮುರಿದು ಮಾಂಸ ನಜ್ಜುಗುಜ್ಜು. ಅಲ್ಲಿನ ಬೇಟೆನಾಯಿ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹಕ್ಕಿಯ ಪಕ್ಕೆ ಮುಟ್ಟಿ ನೋಡೋದು ಇದಕ್ಕೇ. ಗಾಯಗೊಂಡು ಪೊದೆ ಸೇರಿದ ಹಕ್ಕಿಯನ್ನು ನಾಯಿ ಬೇಗ ಹುಡುಕದಿದ್ದರೆ ಅದರ ನರಳಾಟವೂ ಉದ್ದವಾಗುತ್ತೆ. ತಂದ ಮೇಲೂ ಬಿಸಿ ಆರದ ಹಕ್ಕಿಗಳನ್ನು ರಾಶಿ ಹಾಕಿದರೆ ಕೆಟ್ಟವು ಅಂತಲೇ ಲೆಕ್ಕ. ಗಾಳಿಯಾಡುವಂತೆ ಬಿಡಿಬಿಡಿಯಾಗಿ ತೂಗುಹಾಕಿ ತಣಿಸಬೇಕು.

ಇಷ್ಟೂ ಸರಿಹೋದ ಮೇಲಷ್ಟೇ ಬ್ರಿಯಾ-ಸವಾರಿನ್‌ನ ಲೆಕ್ಕ ಶುರು. ಅವನ ಹೆಸರು ಹೇಳೋ ಬರಹಗಳು ಬಾಣಸಿಗನಿಗೆ ಕೊಡೋ ಶ್ರೇಯಸ್ಸಿನಲ್ಲಿ ಅರ್ಧ ಗುರಿಕಾರನಿಗೆ, ನಾಯಿಗೆ ಸೇರಬೇಕು. ಬೈಗುಳವೂ ಅಷ್ಟೇ.

ಇನ್ನೊಂದು ವಿಷಯ ರುಚಿಗಿಂತ ದೊಡ್ಡದು. ಚರೆ ಸೀಸದ್ದಾದರೆ, ಕಾಳು ಆರಿಸಿ ತೆಗೆದರೂ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ಉಳಿಯಬಹುದು. 2020ರಲ್ಲಿ ಬ್ರಿಟನ್ನಿನ ಬೇಟೆ ಸಂಘಟನೆಗಳೇ ಐದು ವರ್ಷದೊಳಗೆ ಸೀಸದ ಚರೆ ಬಿಡೋಣ ಅಂತ ಕರೆ ಕೊಟ್ಟವು. ಸೀಸವನ್ನು ಎಷ್ಟು ದಿನ ನೇತುಹಾಕಿದರೂ, ಯಾವ ಸಾಸ್ ಸುರಿದರೂ ತೆಗೆಯೋಕಾಗಲ್ಲ.

ಅಲ್ಲಿನ ಹೋಟೆಲ್ ಮೆನುಗಳ ಕೆಳಗೆ ಸಣ್ಣಕ್ಷರದಲ್ಲಿ 'ಚರೆ ಸಿಗಬಹುದು' ಅಂತ ಬರೆದಿರ್ತಾರೆ. ತಟ್ಟೆಗೆ ಬಂದಿದ್ದು ಎಲ್ಲಿಂದ, ಹೇಗೆ ಅಂತ ತಿನ್ನೋರಿಗೆ ನೆನಪಿಸೋ ಕೆಲಸವನ್ನು ಆ ಸಾಲಾದರೂ ಮಾಡುತ್ತೆ. ಊಟದ ಬಗ್ಗೆ ಬರೆಯೋರೂ ಅಲ್ಲಿಂದಲೇ ಶುರು ಮಾಡಲಿ.