‘ಕುಶಲ’ ಶಬ್ದವೂ ಕಲಿಕೆಯ ಕ್ರಮವೂ

ಲಕ್ಷಣೆಯನ್ನು ವಿವರಿಸುವಾಗ ಮಮ್ಮಟನು ‘ಕುಶಲ’ ಶಬ್ದವನ್ನು ಉದಾಹರಣೆಯಾಗಿ ಎತ್ತಿಕೊಂಡಿರುವುದು ಅಲಂಕಾರಶಾಸ್ತ್ರದ ಅಭ್ಯಾಸಿಗಳಿಗೆ ತಿಳಿದ ಸಂಗತಿ. ದರ್ಭೆಯನ್ನು ತರುವವನು ಎಂಬುದು ಅದರ ವ್ಯುತ್ಪತ್ತ್ಯರ್ಥ. ನಿಪುಣ ಎಂಬುದು ರೂಢಿಯಿಂದ ಬಂದ ಲಕ್ಷ್ಯಾರ್ಥ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇದನ್ನೊಪ್ಪದೆ, ನಿಪುಣನೆಂಬುದೇ ಮುಖ್ಯಾರ್ಥವೆಂದನು. ವಾದವೇನೇ ಇರಲಿ, ಆ ವ್ಯುತ್ಪತ್ತಿಯಲ್ಲಿ ಒಂದು ಅನುಭವ ಅಡಗಿದೆ. ದರ್ಭೆಯ ಅಂಚು ಹರಿತವಾದುದು. ಕೈ ಕೊಯ್ದುಕೊಳ್ಳದೆ ಅದನ್ನು ತರಬಲ್ಲವನು ಮೊದಲು ಕೆಲವು ಸಲವಾದರೂ ಕೊಯ್ದುಕೊಂಡವನೇ ಆಗಿರಬೇಕು. ಇಂದು ‘ಕೌಶಲ್ಯಾಭಿವೃದ್ಧಿ’ ಎಂದು ವ್ಯವಹರಿಸುವಾಗ ಮರೆತುಹೋಗುವುದು ಈ ಅಂಶವೇ.

ತುರ್ಭೆಯನ್ನು ನಿದರ್ಶನವಾಗಿ ನೋಡಬಹುದು. ಠಾಣೆ-ಬೇಲಾಪುರ ರಸ್ತೆಯ ಒಂದು ಮಗ್ಗುಲಿಗೆ ಕೈಗಾರಿಕಾ ವಸಾಹತು, ಇನ್ನೊಂದು ಮಗ್ಗುಲಿಗೆ ಸಗಟು ಮಾರುಕಟ್ಟೆ. ಅಲ್ಲಿಯ ಮಸಾಲೆ ಪೇಟೆಗೆ ಬರುವ ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಸರಕು. ಖಾರ ಕಡಮೆ, ಬಣ್ಣ ಹೆಚ್ಚು, ಸಿಪ್ಪೆ ಸುಕ್ಕು: ಇಷ್ಟನ್ನು ಕಾಗದದ ಮೇಲೆ ಬರೆಯಬಹುದು; ಬಣ್ಣವನ್ನೂ ತೇವವನ್ನೂ ಯಂತ್ರವು ಅಂಕಿಗಳಲ್ಲಿ ಅಳೆಯಬಲ್ಲುದು. ಆದರೆ ಹಿಡಿಯಲ್ಲಿ ಒತ್ತಿದ ಕಾಯಿ ಮುರಿಯಿತೋ ಬಾಗಿತೋ ಎಂಬುದರಿಂದ ಒಣಗಿದ ಹದವನ್ನರಿಯುವ, ಚೀಲದ ಬಾಯಿಯ ಮಾಲಿಗೂ ಅಡಿಯ ಮಾಲಿಗೂ ಇರುವ ಅಂತರವನ್ನು ಶಂಕಿಸುವ ವಿವೇಕವು ಚೀಲ ಬಿಚ್ಚಿ ಬಿಚ್ಚಿಯೇ ಬರತಕ್ಕದ್ದು.

ಕೃತಕ ಬುದ್ಧಿಮತ್ತೆಯು ಕಲಿಕೆಯನ್ನು ಕೆಡಿಸುತ್ತದೆಂಬ ಮಾತನ್ನು ಇದರಿಂದಲೇ ಒಪ್ಪಿಬಿಡುವುದು ದುಡುಕಾದೀತು. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಗ್ರಾಹಕರ ದೂರುಗಳಿಗೆ ಉತ್ತರಿಸುವ 5,179 ನೌಕರರನ್ನು ಪರಿಶೀಲಿಸಿತು. ಯಂತ್ರದ ಸಲಹೆ ದೊರೆತಾಗ ಅವರ ಕೆಲಸ ಸರಾಸರಿ 14 ಶತಾಂಶ ಹೆಚ್ಚಿತು. ಹೊಸಬರದು 34 ಶತಾಂಶ. ನುರಿತವರದು ಹೆಚ್ಚುಕಡಮೆ ಇದ್ದಲ್ಲಿಯೇ ಉಳಿಯಿತು. ನುರಿತವರ ಸಂಭಾಷಣೆಯಿಂದ ಕಲಿತುದನ್ನೇ ಯಂತ್ರ ಹೊಸಬರಿಗೆ ಹಂಚಿತ್ತು. ಯಂತ್ರ ಕೆಟ್ಟು ನಿಂತಾಗಲೂ ಆ ಲಾಭ ಪೂರ್ತಿ ಅಳಿಯಲಿಲ್ಲ.

ಆದರೆ 2025ರಲ್ಲಿ ಪೋಲೆಂಡಿನಿಂದ ಬಂದ ವೈದ್ಯಕೀಯ ವರದಿ ಬೇರೊಂದು ಮುಖವನ್ನು ತೋರಿಸುತ್ತದೆ. ದೊಡ್ಡ ಕರುಳಿನ ಪರೀಕ್ಷೆಗೆ ಯಂತ್ರದ ನೆರವು ಬಂದ ಮೇಲೆ, ನೆರವಿಲ್ಲದೆ ನಡೆದ ಪರೀಕ್ಷೆಗಳಲ್ಲಿ ಅನುಭವಿ ವೈದ್ಯರು ಗಂಟುಗಳನ್ನು ಪತ್ತೆಹಚ್ಚುವ ಪ್ರಮಾಣ 28.4ರಿಂದ 22.4 ಶತಾಂಶಕ್ಕೆ ಇಳಿದಿತ್ತು. ಎರಡನ್ನೂ ಸೇರಿಸಿ ಓದಿದರೆ ಭೇದ ಇಲ್ಲಿರುವಂತೆ ಕಾಣುತ್ತದೆ: ಮೊದಲಿನದರಲ್ಲಿ ಯಂತ್ರ ಸೂಚಿಸಿತು, ಆಯ್ಕೆ ನೌಕರನದಾಗಿತ್ತು, ಎರಡನೆಯದರಲ್ಲಿ ಹುಡುಕುವ ಕಣ್ಣಿನ ಕೆಲಸವನ್ನೇ ಯಂತ್ರ ವಹಿಸಿಕೊಂಡಿತು.

ಹಳೆಯ ಪದ್ಧತಿಯನ್ನು ಹೊಗಳುವವರು ಒಂದನ್ನು ನೆನೆಯಬೇಕು. ಗುರುವಿನ ಕೈಕೆಳಗೆ ಕಲಿಯುವ ಭಾಗ್ಯ ಎಲ್ಲರಿಗೂ ಇರಲಿಲ್ಲ; ಪೇಟೆಯ ಗುಟ್ಟು ಮಗನಿಗೆ, ಅಳಿಯನಿಗೆ, ಊರವನಿಗೆ ದೊರೆಯುತ್ತಿತ್ತೇ ಹೊರತು ಹೊರಗಿನವನಿಗಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ತೆರೆದುಕೊಟ್ಟದ್ದು ಇಂಥ ಮುಚ್ಚಿದ ಬಾಗಿಲನ್ನೇ. ಆಸರೆಯಿಲ್ಲದ ತರುಣನಿಗೆ ಯಂತ್ರವೂ ಹಾಗೆ ಬಾಗಿಲು ತೆರೆಯುವುದಾದರೆ ಅದು ಸ್ವಾಗತಾರ್ಹವೇ.

ಆದುದರಿಂದ ವಿಚಾರಿಸತಕ್ಕದ್ದು ಯಂತ್ರ ಬೇಕೇ ಬೇಡವೇ ಎಂಬುದಲ್ಲ, ಕ್ರಮವೇನು ಎಂಬುದು. ಹೊಸಬನು ಮೊದಲು ತಾನೇ ನಿರ್ಣಯಿಸಿ, ಬಳಿಕ ಯಂತ್ರದ ನಿರ್ಣಯದೊಡನೆ ಅದನ್ನು ತಾಳೆ ನೋಡಿದರೆ, ತಪ್ಪೂ ಪಾಠವಾಗುತ್ತದೆ. ಮೊದಲೇ ಉತ್ತರ ಕೈಗೆ ಬಂದರೆ ಅವನು ಬರಿಯ ಸಾಕ್ಷಿಯಾಗುತ್ತಾನೆ. ಅವನಿಗೆ ತಪ್ಪಲು ಬೇಕಾದ ಸಮಯದ ವೆಚ್ಚವನ್ನು ಧಣಿಯೇ ಹೊರಬೇಕು. ಇಂದಿನ ಹೊಸಬರು ನುರಿತವರಾಗದಿದ್ದರೆ, ನಾಳೆ ಯಂತ್ರಕ್ಕೂ ಕಲಿಯಲು ಗುರುಗಳಿರುವುದಿಲ್ಲ.